ಖಾಲಿ ಮನೆಯ ಗಂಜಿ

ಹೊಗೆಗೆ ಕೆಂಪಾದ ಎರಡು ಕಣ್ಣು, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು, ಅದರ ಭಾರಕ್ಕೋ ಏನೋ ಒಂದು ಬದಿಗೆ ವಾಲಿದ ನಡಿಗೆ. ಬೀಗದಕ್ಕ ಎಂದರೆ ನನಗೆ ಇವತ್ತಿಗೂ ಕಣ್ಣೆದುರು ಬರುವುದು ಹೀಗೆ. ಅದೂ ಮಳೆ ಸುರಿಯುವ ಒಂದು ಆಟಿ ತಿಂಗಳ ಬೆಳಿಗ್ಗೆ, ಮೂಡುಬಿದಿರೆಯ ಏಳು ಸಾಲುಮನೆಗಳ ಅಂಗಳದಲ್ಲಿ. ಅಲ್ಲಿದ್ದವರು ನಾಲ್ವರು. ಅಕ್ಕ, ಅವರ ಸೆರಗು ಹಿಡಿದ ಎಂಟು ವರ್ಷದ ಮಗಳು, ಅಳದಂಗಡಿ ಕಡೆಯಿಂದ ಮೊದಲ ಬಸ್ಸಿಗೆ ಬಂದಿಳಿದಿದ್ದ ಮನೆಯೊಡೆಯರ ಸೋದರಳಿಯ, ಮತ್ತೆ ಶಾಲೆಗೆ ಹೊರಟು ಕೊಡೆ ಬಿಡಿಸಿ ನಿಂತಿದ್ದ ನಾನು.

ಅದಕ್ಕೆ ಮೊದಲಿನದ್ದನ್ನು ಸ್ವಲ್ಪ ಹೇಳಬೇಕು. ಗಂಡ ತೀರಿಕೊಂಡಾಗ ಅಕ್ಕನ ಮಗಳಿಗೆ ಎಂಟು ತಿಂಗಳು. ಕೂಸನ್ನು ಸೊಂಟದಲ್ಲಿಟ್ಟುಕೊಂಡು ಧಣಿಗಳ ಒಂದು ಖಾಲಿ ಮನೆ ಗುಡಿಸಲು ಬಂದವರು, ತಾವೇ ಅದಕ್ಕೊಂದು ಸಂಸಾರ ಹುಡುಕಿ ತಂದರು. ಧಣಿಗಳು ಎರಡನೆಯ ಮನೆಯ ಬೀಗದ ಕೈ ಕೊಟ್ಟರು, ಮತ್ತೆ ಮೂರನೆಯದು. ನಾನು ಮಾಸ್ತರಿಕೆಗೆ ಸೇರಿ ಮೊದಲನೆಯ ಮನೆಗೆ ಬಾಡಿಗೆಗೆ ಬರುವಾಗ ಏಳೂ ಮನೆ ಅವರ ಸೊಂಟದಲ್ಲಿದ್ದವು. ಅವರಿಗೆಂದು ಇದ್ದದ್ದು ಹಿತ್ತಿಲಿಗೆ ಇಳಿಸಿದ ಒಂದು ಹಂಚಿನ ಮಾಡು, ಎರಡು ಚಾಪೆ.

ಅಲ್ಲಿ ಒಲೆ ಇರಲಿಲ್ಲ. ಅಕ್ಕ ಗಂಜಿ ಬೇಯಿಸುತ್ತಿದ್ದದ್ದು ಖಾಲಿ ಬಿದ್ದ ಮನೆಗಳಲ್ಲಿ, ದಿನಕ್ಕೊಂದರಂತೆ ಸರದಿಯಲ್ಲಿ. "ಜನ ಇಲ್ಲದಿದ್ರೂ ಮನೆಗೆ ಹೊಗೆ ಬೇಕು ಮಾಸ್ಟ್ರೇ. ಇಲ್ಲದಿದ್ರೆ ಒರಲೆ ಬಂದು ಸಂಸಾರ ಹೂಡ್ತದೆ, ಅದು ಬಾಡಿಗೆಯೂ ಕೊಡುದಿಲ್ಲ" ಎಂದು ಗೆದ್ದಲಿಗೆ ಬೈಯುತ್ತಿದ್ದರು. ಒಮ್ಮೆ ತರಗತಿಯಲ್ಲಿ ಮಕ್ಕಳು, "ನಿಮ್ಮ ಮನೆ ಯಾವುದು?" ಎಂದು ಅವರ ಮಗಳನ್ನು ಕೇಳಿದ್ದರು. "ಇವತ್ತು ಐದನೆಯದು" ಎಂದಿದ್ದಳು ಅವಳು. ಮಕ್ಕಳು ನಕ್ಕಿದ್ದರು. ನಾನೂ ನಕ್ಕಿದ್ದೆ.

ಹಿರಿಯ ಧಣಿಗಳು ಹಾಸಿಗೆ ಹಿಡಿದು ಅಳಿಯನ ಕೈಗೆ ಕಾರುಬಾರು ಬಂದದ್ದು ಆ ವರ್ಷ. ಆ ಬೆಳಿಗ್ಗೆ ಅಳಿಯನಿಗೆ ಕಂಡದ್ದು, ಖಾಲಿ ಎಂದು ತಿಳಿದಿದ್ದ ನಾಲ್ಕನೆಯ ಮನೆಯ ಮಾಡಿನಿಂದ ಏಳುತ್ತಿದ್ದ ಹೊಗೆ.

"ಇಲ್ಲಿ ಯಾರಿರುದು?"

"ಯಾರೂ ಇಲ್ಲ ಧಣಿ. ಗಂಜಿ ಬೇಯ್ತಾ ಉಂಟು."

"ಯಾರೂ ಇಲ್ಲದ ಮನೆಯಲ್ಲಿ ಗಂಜಿ ಯಾರಿಗೆ, ಭೂತಕ್ಕಾ? ಗುಟ್ಟಿನಲ್ಲಿ ಯಾರನ್ನು ಕೂರಿಸಿದ್ದಿ ಹೇಳು. ಬೀಗದ ಕೈ ಇಲ್ಲಿಡು, ಮಾಡು ಖಾಲಿ ಮಾಡು."

ಅಕ್ಕ ಇದೂ ಒಂದು ಬಾಕಿ ಇತ್ತು ಎನ್ನುವ ಹಾಗೆ ದಣಿದ ಮುಖದಲ್ಲಿ ಗೊಂಚಲು ಬಿಚ್ಚತೊಡಗಿದರು. ಅಳಿಯ ನನ್ನ ಕಡೆ ತಿರುಗಿದರು. "ನೀವು ಕಲಿತವರು. ಹೇಳಿ ಮಾಸ್ಟ್ರೇ, ಇದೆಂತ ನಾಟಕ?"

ನನಗೆ ಎಲ್ಲವೂ ಗೊತ್ತಿತ್ತು. ಆದರೆ ನನ್ನ ತಲೆಯ ಮೇಲಿದ್ದದ್ದೂ ಅವರದೇ ಮಾಡು. "ನನಗೆ ಸರಿಯಾಗಿ ತಿಳಿಯದು" ಎಂದುಬಿಟ್ಟೆ. ಅಕ್ಕ ತಲೆಯೆತ್ತಲಿಲ್ಲ. ಮಗಳು ಮಾತ್ರ ನನ್ನನ್ನು ನೋಡಿದಳು.

"ಆರನೇ ಮನೆ ನೋಡಿ ಧಣಿ" ಎಂದರು ಅಕ್ಕ. "ಇವಳಿಗೆ ಜ್ವರ ಬಂದು ತಿಂಗಳಾಯ್ತು. ಅಲ್ಲಿಯ ಒಲೆಯ ಹೊಗೆ ವಿಪರೀತ, ಇವಳನ್ನು ಎತ್ತಿಕೊಂಡು ಹೋಗ್ಲಿಕ್ಕೆ ಆಗ್ಲಿಲ್ಲ, ಬಿಟ್ಟು ಹೋಗ್ಲಿಕ್ಕೂ ಆಗ್ಲಿಲ್ಲ. ಅಲ್ಲಿ ಒಲೆ ಹೊತ್ತಿಸಿಲ್ಲ. ತಪ್ಪು ನನ್ನದೇ."

ಆರನೆಯ ಮನೆಯ ಬಾಗಿಲು ಉಬ್ಬಿ ಕಚ್ಚಿಕೊಂಡಿತ್ತು. ಒಳಗೆ ಮುಗ್ಗುಲು ವಾಸನೆ. ನೆಲದಿಂದ ಮಾಡು ಹೊತ್ತ ಮರದ ಪಕ್ಕಾಸಿನವರೆಗೂ ಗೋಡೆಯ ಮೇಲೆ ಗೆದ್ದಲಿನ ಮಣ್ಣುದಾರಿ. ಅಳಿಯ ಕೊಡೆಯ ತುದಿಯಿಂದ ಕೆದಕಿದರೆ ಬಿಳಿ ಹುಳಗಳು ಬುಳಬುಳನೆ ಉದುರಿದವು. ಉಳಿದ ಖಾಲಿ ಮನೆಗಳನ್ನೂ ತೆರೆಸಿದರು. ಒಂದೊಂದರಲ್ಲೂ ಮಸಿ ಹಿಡಿದ ಕಪ್ಪು ಪಕ್ಕಾಸು, ಬೆಚ್ಚನೆಯ ಒಣ ನೆಲ. ನಾಲ್ಕನೆಯದರಲ್ಲಿ ಗಂಜಿ ಉಕ್ಕಿ ಒಲೆ ಆರಿತ್ತು.

"ಒಂದು ಮಾತು ಮೊದಲೇ ಹೇಳಬಾರದಿತ್ತಾ?" ಎಂದರು ಅಳಿಯ.

"ಯಾರು ಕೇಳಿದ್ರು ಧಣಿ?"

ಗೊಂಚಲು ಅಕ್ಕನ ಸೊಂಟಕ್ಕೆ ಮರಳಿತು. ವರ್ಷದೊಳಗೆ ಬಂಟ್ವಾಳದ ಮನೆಗಳೂ ಬೆಳ್ತಂಗಡಿಯ ಅಂಗಡಿಕೋಣೆಗಳೂ ಅದಕ್ಕೆ ಸೇರಿದವು. ದೊಡ್ಡ ಕೆಲಸ ಎಂದು ಊರು ಹೊಗಳಿತು. ನಾನು ಕಂಡದ್ದು ಸಂಜೆಯ ಬಸ್ಸಿನಲ್ಲಿ ಕಂಬಿಗೆ ತಲೆಯಾನಿಸಿ ನಿದ್ದೆಹೋದ ಹೆಂಗಸನ್ನು, ಅವಳ ಮಡಿಲಲ್ಲಿ ಬಾಯಿಪಾಠ ಒಪ್ಪಿಸುತ್ತಿದ್ದ ಮಗಳನ್ನು. "ಸ್ವಲ್ಪ ಕೂತು ಸುಧಾರಿಸಿಕೊಳ್ಳಿ ಅಕ್ಕ" ಎಂದರೆ, "ಕೂತ್ರೆ ಏಳ್ಲಿಕ್ಕೆ ಮನಸ್ಸಾಗುದಿಲ್ಲ, ಹಾಗಾಗಿ ಕೂರುದೇ ಇಲ್ಲ" ಎನ್ನುತ್ತಿದ್ದರು.

ಆ ಬೆಳಿಗ್ಗೆಯ ಮರುದಿನವೇ ಅವರು ಹಂಚಿನವನನ್ನು ಕರೆದುಕೊಂಡು ನನ್ನ ಬಾಗಿಲಿಗೆ ಬಂದಿದ್ದರು. "ನಿಮ್ಮ ಅಡಿಗೆಕೋಣೆ ಸೋರ್ತದಲ್ಲ?" ನಾನು ತಡವರಿಸುತ್ತ ಹಿಂದಿನ ದಿನದ ಮಾತೆತ್ತಿದೆ. "ಬಿಡಿ ಮಾಸ್ಟ್ರೇ. ಇನ್ನೊಬ್ಬರ ಮಾಡಿನಡಿ ಇರುವವರಿಗೆ ಹೆದರಿಕೆ ಇರ್ತದೆ. ನನಗಿಲ್ವಾ?" ಎಂದು ಏಣಿ ಹಿಡಿದು ನಿಂತರು. ಬೈದಿದ್ದರೆ ಹಗುರವಾಗುತ್ತಿತ್ತು.

ಮಗಳು ಓದಿ ವಾಮದಪದವಿನ ಶಾಲೆಗೆ ಟೀಚರಾದಳು, ಅಲ್ಲೇ ಮನೆ ಮಾಡಿದಳು. ಒಂದೇ ಒಲೆಯ ಆ ಮನೆಯಲ್ಲಿ ಅಕ್ಕ ಬದುಕಿದ್ದು ಎರಡು ವರ್ಷ.

ಸುದ್ದಿ ಬಂದ ದಿನ ನಮ್ಮ ಸಾಲಿನಲ್ಲಿ ಒಂದು ಮನೆ ಖಾಲಿಯಿತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು ಬೇಯಿಸಿ ಒಯ್ಯಬೇಕು. ಬೀಗದ ಕೈ ಕೇಳಿ ಪಡೆದು, ಒಲೆ ಹೊತ್ತಿಸಿ, ಕಣ್ಣುರಿಸಿಕೊಂಡು ಗಂಜಿ ಬೇಯಿಸಿದೆ. ಮುಚ್ಚಳದ ಪಾತ್ರೆಯಲ್ಲಿ ಅದನ್ನು ಹಿಡಿದುಕೊಂಡು ಬಸ್ಸು ಹತ್ತಿದೆ.

ಮಗಳು ಮುಚ್ಚಳ ತೆಗೆದಳು. ಹೊಗೆಯ ವಾಸನೆ ಹಿಡಿದಿತ್ತೋ ಏನೋ, ಕೇಳಿದಳು: "ಯಾವ ಮನೆಯದ್ದು ಮಾಸ್ಟ್ರೇ?"

"ಐದನೆಯದು" ಎಂದೆ.

ಅವಳು ಬಟ್ಟಲು ತಂದಳು.