ಎದೆಯೊಳಗೊಂದು ಬೊಟ್ಟು

ಹೊಸನಗರದಿಂದ ಸಾಗರಕ್ಕೆ ಎಕ್ಸ್‌ರೇ ಕೆಲಸ ಕಲಿಯಲು ಹೋದ ನನಗೆ ಗುರುಗಳು ಮೊದಲು ಕಲಿಸಿದ್ದು ಭಯ. ಫಿಲ್ಮ್ ಇಡುವ ಚಪ್ಪಟೆ ಪೆಟ್ಟಿಗೆಗೆ ಕ್ಯಾಸೆಟ್ ಎನ್ನುತ್ತಿದ್ದೆವು. ಅದರೊಳಗೆ ಹಾಲಿನಂಥ ಬಿಳಿ ಸ್ಕ್ರೀನು.

‘ಅದನ್ನ ಮುಟ್ಟಿದ್ರೆ ಕೈ ಕಡಿತೀನಿ. ಚೂರು ಧೂಳು ಕೂತ್ರೂ ಫಿಲ್ಮಲ್ಲಿ ಬಿಳಿ ಚುಕ್ಕೆ ಬರತ್ತೆ’ ಎಂದಿದ್ದರು. ಅದರ ಮುಂದೆ ನಾನು ಕೆಮ್ಮುತ್ತಲೂ ಇರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಒಂದು ಆಯುಧಪೂಜೆ. ಯಂತ್ರ ಒರೆಸಿ, ಚೆಂಡುಹೂವಿನ ಮಾಲೆ ಹಾಕಿದೆ. ಗುರುಗಳು ಕುಂಕುಮದ ಬಟ್ಟಲು ಹಿಡಿದು ಡಾರ್ಕ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ಕತ್ತಲಲ್ಲಿ ಎಂಥ ಪೂಜೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ರಜೆ ಮುಗಿದ ಮೇಲೆ ಮೊದಲು ಬಂದವನು ಹುಂಚದ ಕಡೆಯ ತರುಣ. ಕಾರ್ಗಲ್‌ನಲ್ಲಿ ಕೆಲಸ ಸಿಕ್ಕಿತ್ತು, ಎದೆಯ ಫಿಲ್ಮ್ ಚೆನ್ನಾಗಿ ಬಂದರೆ ಮಾತ್ರ ಸೇರಿಸಿಕೊಳ್ಳುತ್ತಿದ್ದರು. ಫಿಲ್ಮ್ ನೋಡಿದ ಡಾಕ್ಟರ ಮುಖ ಸಣ್ಣದಾಯಿತು. ಶ್ವಾಸಕೋಶದಲ್ಲಿ ದುಂಡನೆಯ ಬಿಳಿ ಕಲೆ.

‘ಟಿ.ಬಿ. ಇರಬಹುದು’ ಎಂದರು.

ಜೊತೆಗೆ ಬಂದಿದ್ದ ತಾಯಿ ಬೆಂಚಿನ ಮೇಲೆ ಕುಸಿದು, ‘ನಂ ಹುಡ್ಗ ಒಂದಿನ ಕೆಮ್ಮಿದ್ದಿಲ್ಲ ಡಾಕ್ಟ್ರೇ’ ಎಂದು ಅತ್ತರು. ನೋಡುತ್ತ ನಿಂತ ನನಗೂ ಅಳು ಬಂತು.

ಅಷ್ಟರಲ್ಲಿ ಮಂಡಿನೋವಿನ ಅಜ್ಜಿಯೊಬ್ಬರ ಫಿಲ್ಮ್ ತೊಳೆದು ಬೆಳಕಿಗೆ ಹಿಡಿದೆ. ಮೂಳೆಯ ಪಕ್ಕದಲ್ಲಿ ಅಂಥದ್ದೇ ಕಲೆ!

‘ಎಂತ ಮುಟ್ಟಿದ್ಯೇ?’ ಗುರುಗಳು ನನ್ನ ಮೇಲೆ ಹಾರಾಡಿದರು. ಮೈಯೆಲ್ಲ ಉರಿದುಹೋಯಿತು. ಖಾಲಿ ಕ್ಯಾಸೆಟ್ಟುಗಳನ್ನು ಕಿಟಕಿಯ ಬಳಿ ತಂದು ಅವರ ಮುಂದೆಯೇ ಬಿಚ್ಚಿದೆ. ಒಂದೊಂದು ಸ್ಕ್ರೀನಿನ ಮೇಲೂ ಮುತ್ತೈದೆಯ ಹಣೆಯಲ್ಲಿರುವಂತೆ ಒಂದೊಂದು ಕುಂಕುಮದ ಬೊಟ್ಟು. ಫಿಲ್ಮ್ ತುಂಬುವಾಗ ಡಾರ್ಕ್‌ರೂಮಿನ ಕೆಂಪು ದೀಪದಲ್ಲಿ ಆ ಕೆಂಪು ನನಗೆ ಕಂಡೇ ಇರಲಿಲ್ಲ.

ಗುರುಗಳು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ‘ಬರೀ ಹೊರಗಡೆ ಪೂಜೆ ಮಾಡಿದ್ರೆ ಒಳಗಿರೋದಕ್ಕೆ ಬೇಜಾರಾಗಲ್ವೇನೇ?’ ಎಂದರು.

ಸ್ಕ್ರೀನ್ ಒರೆಸಿ ತರುಣನ ಫಿಲ್ಮ್ ಇನ್ನೊಮ್ಮೆ ತೆಗೆದೆವು. ಎದೆ ತಿಳಿಯಾಗಿ ಬಂತು, ಡಾಕ್ಟರು ಸಹಿ ಹಾಕಿದರು.

‘ಹಂಗಾರೆ ಮೊದ್ಲು ಕಂಡಿದ್ದು ಎಂತದು?’ ತಾಯಿ ಕೇಳಿದರು.

‘ಪೂಜೆ ಕುಂಕುಮ ಅಮ್ಮಾ. ನಾನೇ ಇಟ್ಟಿದ್ದು’ ಎಂದು ಗುರುಗಳು ತಲೆ ತಗ್ಗಿಸಿದರು. ಈಗ ಸರಿಯಾಗಿ ಬೈಸಿಕೊಳ್ಳುತ್ತಾರೆ ಎಂದು ನಾನು ಆಸೆಯಿಂದ ಕಾದೆ. ಆಕೆ ಯಂತ್ರಕ್ಕೆ ಕೈಮುಗಿದು, ಮೇಜಿನ ಮೇಲಿದ್ದ ಫಿಲ್ಮ್ ಎತ್ತಿಕೊಂಡು ಮಗನೊಂದಿಗೆ ಹೊರಟರು.

ಆಮೇಲೆ ನೋಡಿದರೆ ತಿಳಿ ಫಿಲ್ಮ್ ಇಲ್ಲೇ ಇದೆ, ಒಯ್ದದ್ದು ಬೊಟ್ಟಿನದು! ಅದನ್ನು ಕಾರ್ಗಲ್‌ನಲ್ಲಿ ತೋರಿಸಿದರೆ ಕೆಲಸ ಹೋದಂತೆಯೇ. ಬಸ್ ಸ್ಟ್ಯಾಂಡಿಗೆ ಓಡಿದೆ. ಬಸ್ಸು ಹೊರಡುವುದರಲ್ಲಿತ್ತು. ಕಿಟಕಿಯಲ್ಲಿ ತಿಳಿ ಫಿಲ್ಮ್ ಕೊಟ್ಟು, ಇನ್ನೊಂದು ತಪ್ಪು ಬಂದದ್ದು, ವಾಪಸ್ ಕೊಡಿ ಎಂದೆ.

ಆಕೆ ಎರಡನ್ನೂ ಮಡಿಲಲ್ಲಿ ಭದ್ರ ಮಾಡಿಕೊಂಡರು. ‘ಇದು ಆಫೀಸ್ನೋರಿಗೆ. ಅದು ನಂ ದೇವ್ರ ಮುಂದೆ ಇರ್ಲಿ. ಮಗನ ಹಣೆಗೆ ನಾನೂ ಇಟ್ಟಿದೀನಿ ಮಾರಾಯ್ತಿ, ಎದೆ ಒಳಗೆ ಯಾರು ಇಡ್ತಾರೆ?’