ಅವ್ವನ ಹಣೆಗೆ ಬೆಳ್ಳಿ ರೂಪಾಯಿ

ನನ್ನ ಮದುವೆ ಇನ್ನೇನು ಮುರಿದೇ ಹೋಯಿತು ಎನ್ನುವ ಹಾಗೆ ಮಾಡಿದವನು ನೈಜೀರಿಯಾದ ಒಬ್ಬ ಡೋಲಿನವನು. ಅವತ್ತು ಅವನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಈಗ ನೆನೆದರೆ ಅಯ್ಯೋ ಪಾಪ ಅನ್ನಿಸುತ್ತದೆ.

ದೊಡ್ಡ ಯುದ್ಧದ ಕಾಲ. ಮೂಡಿಗೆರೆ ಕಡೆಯ ನಮ್ಮ ಎಸ್ಟೇಟಿನ ದೊರೆಯ ಬಂಗಲೆಗೆ ಮಿಲಿಟರಿಯ ಸ್ನೇಹಿತರೊಬ್ಬರು ರಜೆಗೆ ಬಂದಿದ್ದರು. ಅವರ ಜೀಪು ಓಡಿಸುವ ಸಿಪಾಯಿ ಇವನು. ನಡು ಸಣ್ಣಗಿರುವ ಒಂದು ಡೋಲನ್ನು ಸದಾ ಜೊತೆಗಿಟ್ಟುಕೊಂಡಿರುತ್ತಿದ್ದ. ಕಂಕುಳಲ್ಲಿ ಒತ್ತಿ ಬಾರಿಸಿದರೆ ಅದರ ದನಿ ಏರುತ್ತಿತ್ತು, ಸಡಿಲ ಬಿಟ್ಟರೆ ಇಳಿಯುತ್ತಿತ್ತು, ಥೇಟ್ ಮನುಷ್ಯರು ಮಾತಾಡಿದ ಹಾಗೆ. ಅವನ ಅಪ್ಪ, ತಾತ ಎಲ್ಲ ಅರಮನೆಯ ಡೋಲಿನವರು ಎಂದು ಬಂಗಲೆಯ ಬಟ್ಲರ್ ಹೇಳುತ್ತಿದ್ದ. ಬೆಳಗಾದರೆ ರಾಜನ ಹಿರೀಕರ ಹೆಸರುಗಳನ್ನೆಲ್ಲ ಡೋಲಿನಲ್ಲೇ ನುಡಿಸಿ ರಾಜನನ್ನು ಎಬ್ಬಿಸುವುದು ಆ ಮನೆತನದ ಕೆಲಸವಂತೆ. ಅಂಥವನನ್ನು ಎಳೆದು ತಂದು ಜೀಪಿಗೆ ಹಾಕಿದ್ದರು.

ನಮ್ಮವ್ವ ಕಾಫಿ ಹಣ್ಣು ಕುಯ್ಯುವಾಗ ಹಾಡುತ್ತಿದ್ದಳು. "ಬಾಯಿ ಮುಚ್ಚಿ ಕೈ ಆಡ್ಸೆ" ಎಂದು ಮೇಸ್ತ್ರಿ ಗದರುತ್ತಿದ್ದ. ಮನೆಯಲ್ಲಿ ಅಪ್ಪನೂ ಅಷ್ಟೆ.

ಕೂಲಿಯವರ ಲೈನು ಮನೆಗಳ ಮುಂದೆ ಹಾಕಿದ ಚಪ್ಪರದಲ್ಲಿ ನನ್ನ ಮದುವೆ. ಬಟ್ಲರ್ ಡೋಲಿನವನನ್ನೂ ಕರೆತಂದಿದ್ದ. ತಾಳಿಗೆ ಇನ್ನೂ ಹೊತ್ತಿತ್ತು. ಅವ್ವ ಸೋಬಾನೆ ಎತ್ತಿದಳು. ಅವನು ಕಣ್ಣುಮುಚ್ಚಿ ಕೇಳಿದ, ಆಮೇಲೆ ಮೆಲ್ಲಗೆ ಅವಳ ದನಿಯ ಹಿಂದೆಯೇ ಬಾರಿಸತೊಡಗಿದ. ಹಾಡು ಏರಿದ್ದೇ ತಡ, ಎದ್ದು ಬಂದು ಜೇಬಿನಿಂದ ಬೆಳ್ಳಿ ರೂಪಾಯಿ ತೆಗೆದು ಅವ್ವನ ಬೆವೆತ ಹಣೆಗೆ, ಕುಂಕುಮದ ಮೇಲೆಯೇ ಅಂಟಿಸಿಬಿಟ್ಟ!

ನಮ್ಮಲ್ಲಿ ಹಣೆಗೆ ಕಾಸು ಅಂಟಿಸುವುದು ಹೆಣಕ್ಕೆ.

"ಇದೆಂತ ಅನಿಷ್ಟ!" ಎಂದು ಗಂಡಿನ ಅಪ್ಪ ಎದ್ದೇಬಿಟ್ಟರು. "ಮುತ್ತೈದೆ ಹಣೆಗೆ ಹೆಣದ ಕಾಸಾ? ಏಳ್ರೋ, ಹೋಗಾಣ."

ಅವರ ಕಡೆಯವರೆಲ್ಲ ಎದ್ದು ನಿಂತರು. ಚಪ್ಪರದಿಂದ ಗಂಡು ಎದ್ದುಹೋದ ಹುಡುಗಿಯನ್ನು ಆಮೇಲೆ ಯಾರು ಕೇಳುತ್ತಾರೆ? ಡೋಲಿನವನು ಏನಾಯಿತೆಂದು ತಿಳಿಯದೆ ಬಟ್ಲರ್ ಮುಖ ನೋಡಿದ. ಇಬ್ಬರೂ ಇಂಗ್ಲಿಷಿನಲ್ಲಿ ಗುಸುಗುಸು ಮಾತಾಡಿಕೊಂಡರು.

"ಅವ್ರ ಊರಲ್ಲಿ ಹಾಡೋರಿಗೆ ಮರ್ಯಾದೆ ಮಾಡೋದೇ ಹಿಂಗಂತೆ ಮಾರಾಯ್ರೆ" ಎಂದ ಬಟ್ಲರ್. "ಇವ್ನಪ್ಪನ ಹಣೆಗೆ ರಾಜನೇ ಕೈಯಾರೆ ಇಟ್ಟಿದ್ನಂತೆ."

"ಅದು ಅವ್ರ ಊರಲ್ಲಿ. ಬೀಗಿತ್ತಿಯೋರೇ, ಮೊದ್ಲು ಅದನ್ನ ಕಿತ್ತು ಬಿಸಾಕಿ ತಲೆಗೆ ನೀರು ಹಾಕ್ಕಳಿ. ಹಾಡೂ ಸಾಕು" ಎಂದರು ಗಂಡಿನ ಅಪ್ಪ.

ಅವ್ವನ ಕೈ ಹಣೆಗೆ ಹೋಯಿತು. ಸದ್ಯ, ತೆಗೆಯುತ್ತಾಳೆ ಅಂದುಕೊಂಡೆ. ಅವಳು ಅದನ್ನು ಇನ್ನೂ ಗಟ್ಟಿಯಾಗಿ ಒತ್ತಿಕೊಂಡಳು.

"ಬೀಗ್ರೇ, ಹುಟ್ಟಿದಾಗಿಂದ ಹಾಡ್ತಿದೀನಿ. ಚೆನಾಗಿದೆ ಅಂತ ಒಬ್ರೂ ಒಂದ್ ಮಾತು ಹೇಳ್ಲಿಲ್ಲ. ನೀವೆಲ್ಲ ನಾನು ಸತ್ತಾಗ ಇಡೋದನ್ನ ಇವ್ನು ಬದುಕಿದ್ದಾಗ ಇಟ್ಟ. ನಾನು ತೆಗ್ಯಲ್ಲ."

ನನ್ನ ಕಡೆ ನೋಡುವ ಧೈರ್ಯ ಅವಳಿಗಿರಲಿಲ್ಲ. ಒಂದು ರೂಪಾಯಿಗೋಸ್ಕರ ಮಗಳ ಬಾಳು ಹಾಳುಮಾಡುತ್ತಿದ್ದಾಳಲ್ಲ!

ಆಗ ಮುಂದೆ ಕೂತಿದ್ದ ಗಂಡಿನ ಅಜ್ಜಿ, ಹಲ್ಲಿಲ್ಲದ ಮುದುಕಿ, ಮಗನ ಪಂಚೆ ಹಿಡಿದು ಜಗ್ಗಿದರು.

"ಕೂತ್ಕಳಾ. ನಾನೂ ಹಾಡ್ತಿದ್ದೆ. ನಿಮ್ಮಪ್ಪ ಒಂದಿನ ಕೂತು ಕೇಳ್ಳಿಲ್ಲ. ನೀನಾದ್ರೂ ಕೇಳು."

ನನ್ನ ಮಾವ ಕೂತರು.