ಹರಿಬಾನ ಕಾಯಕದ ಹಗ್ಗಗಳು

ಮಳೆಯೇ ಅಪರೂಪವಾದ ದರಿಬಡಚಿಯಂಥ ಊರಲ್ಲಿ ಬಟ್ಟೆ ಹೊಲಿಯುವ ನನಗೆ ದೋಣಿಯವನೊಬ್ಬ ಗಿರಾಕಿ ಸಿಕ್ಕಿದ್ದಾನೆಂದರೆ ಪಕ್ಕದೂರು ಬೆಳುಂಕಿಯವರು ಇವತ್ತಿಗೂ ನಗುತ್ತಾರೆ. ನಗಲಿ. ಅವನ ಹೆಸರು ಹರಿಬಾ. ಐವತ್ತೆಂಟು ವಯಸ್ಸು. ಹನ್ನೆರಡು ವರ್ಷ ಕೊಂಕಣದ ಸಮುದ್ರದಂಡೆಯ ಒಂದು ಹೋಟೆಲಿನಲ್ಲಿ ದುಡಿದು ಬಂದವನು. ಬಿಟ್ಟು ಬರುವಾಗ ಮಾಲೀಕ ಪ್ರೀತಿಯಿಂದ ಒಂದು ಹಳೆಯ ಪ್ಲಾಸ್ಟಿಕ್ ದೋಣಿ ಕೊಟ್ಟ. ಹಳದಿ ಬಣ್ಣದ್ದು, ಒಬ್ಬನೇ ಕೂತು ಹುಟ್ಟು ಹಾಕುವಂಥದ್ದು. ಟೆಂಪೋ ಮೇಲೆ ಅದು ಊರಿಗೆ ಬಂದಾಗ ಹಿರಿಯ ಶಿವಯೋಗೆಪ್ಪ "ಏನಪಾ ಇದು?" ಎಂದು ಕೇಳಿದ. "ಕಯಾಕ್ ರಿ" ಎಂದ ಹರಿಬಾ. ಹಿರಿಯನ ಕಿವಿಗೆ ಅದು ಕಾಯಕ ಎಂದೇ ಬಿತ್ತು.

"ಚಲೋ ಹೆಸರ ಇಟ್ಟಾರ. ಈಜ ಬರದವ ಇದರಾಗ ಕುಂತ್ರ ಸೀದಾ ಕೈಲಾಸನ" ಎಂದ.

ಅಂದಿನಿಂದ ಊರಿಗೆಲ್ಲ ಅದು ಕಾಯಕವೇ. ಹರಿಬಾ ದಿನಾ ಬೆಳಿಗ್ಗೆ ಊರ ಕೆರೆಗೆ, ನಮ್ಮ ಮಾತಿನ ತಲಾವಿಗೆ, ಹೋಗಿ ಮೀನು ಹಿಡಿಯುತ್ತಿದ್ದ. ಈಜು ಬರುತ್ತದೆ, ಆದರೆ ಬಾವಿಯ ಈಜು. ಧುಮುಕಿ ಮೆಟ್ಟಿಲು ಹಿಡಿಯುವಷ್ಟು.

ತೊಂದರೆಯೆಂದರೆ, ಅವನ ಸಾಮಾನು ಒಂದೊಂದೇ ನೀರು ಪಾಲಾಗುತ್ತಿತ್ತು. ಆಡು ಕಾಯ್ದು ಬೆಳೆದ ಕೈ ಅವನದು. ನಮ್ಮ ಕಡೆ ಆಡಿಗೆ ಹಾಕುವುದು ಎಳೆಗಂಟು. ತೋಳ ಬಂದರೆ ಹಗ್ಗದ ತುದಿಯನ್ನು ಒಮ್ಮೆ ಜಗ್ಗಿದರೆ ಸಾಕು, ಬಿಚ್ಚಿಕೊಳ್ಳಬೇಕು. ಈ ಮಹರಾಯ ಗಾಳದ ಕೋಲನ್ನೂ ಹಾಗೇ ಕಟ್ಟಿದ್ದ. ಹಗ್ಗದ ತುದಿ ಗಾಳದ ದಾರಕ್ಕೆ ಸಿಕ್ಕಿತು, ಮೀನು ಜಗ್ಗಿತು, ಗಂಟು ಬಿಚ್ಚಿ ಕೋಲು ಮೀನಿನ ಹಿಂದೆಯೇ ಹೋಯಿತು. ಆಮೇಲೆ ಚಾಕು. ಆಮೇಲೆ ಫೋನು. ಕೊನೆಗೆ ಹೆಂಡತಿ ಮುಕ್ತಾಬಾಯಿ ತವರಿನಿಂದ ತಂದ ಹಿತ್ತಾಳೆಯ ಬುತ್ತಿಡಬ್ಬಿ.

ಡಬ್ಬಿ ಹೋದ ದಿನ ಮುಕ್ತಾಬಾಯಿ ಕೂಗಾಡಲಿಲ್ಲ. ದೋಣಿಯ ಉದ್ದವನ್ನು ಗೇಣು ಹಾಕಿ ಅಳೆದಳು.

"ಇನ್ನೊಂದ ಸಾಮಾನ ನೀರಿಗಿ ಬಿದ್ರ ಇದು ಎಮ್ಮಿ ಗ್ವಾದ್ಲಿ ಆಗ್ತದ. ಎರಡ ಎಮ್ಮಿ ಆರಾಮ ಮೇಯ್ತಾವ."

ಆಕೆ ಆಡಿದ ಮಾತು ಆಡಿದ್ದೇ ಎಂದು ನಮಗೆಲ್ಲ ಗೊತ್ತು. ಹರಿಬಾ ಓಡಿಬಂದು ನನ್ನ ಮಷಿನ್ನಿನ ಮುಂದೆ ಕೂತ.

"ಮಲ್ಲೂ, ಎಮ್ಮಿ ಬಾಯಿಂದ ನನ್ನ ಕಾಯಕ ಉಳಸಪಾ."

ಬದುಕಿನಲ್ಲಿ ಅವನು ಆಸೆಪಟ್ಟು ಇಟ್ಟುಕೊಂಡದ್ದು ಅದೊಂದೇ. ನನಗೆ ಸಂಕಟವಾಯಿತು. ಶಾಲೆ ಚೀಲದ ಗಟ್ಟಿ ಪಟ್ಟಿ ಕತ್ತರಿಸಿ ಕುಣಿಕೆ ಹೊಲಿದುಕೊಟ್ಟೆ. ಚಾಕುವಿಗೆ ಹಳೆಯ ಟೆಲಿಫೋನಿನ ಸುರುಳಿ ವಾಯರು, ಹೊಸ ಡಬ್ಬಿಗೆ ತೇಲಲೆಂದು ಒಣ ಸೋರೆಬುರುಡೆ. ಕಾಲಿಗೆ ತೊಡಕದಂತೆ ಎಲ್ಲ ದಾರ ಗಿಡ್ಡಗಿಡ್ಡ. ಎಳೆಗಂಟು ಮರೆಸಿ ಕಗ್ಗಂಟು ಕಲಿಸುವಷ್ಟರಲ್ಲಿ ನನಗೆ ಬೆವರು ಕಿತ್ತುಬಂತು. ಹೊಸದಾಗಿ ಕೊಂಡವೂ ಸೇರಿ ಸಾಮಾನು ಒಟ್ಟು ಆರು. ಅವನು ದಂಡೆಗೆ ಬಂದ ಕೂಡಲೇ ಮುಕ್ತಾಬಾಯಿ ಬಾಗಿ ಎಣಿಸುವಳು. ಆರು ತಿಂಗಳು ಒಂದೂ ಕಡಿಮೆಯಾಗಲಿಲ್ಲ.

ಹೋದ ಆಷಾಢದ ಒಂದು ಬೆಳಿಗ್ಗೆ ಗಾಳಿ ಜೋರಿತ್ತು. ನಾನೂ ಮುಕ್ತಾಬಾಯಿಯೂ ದಂಡೆಯ ಮೇಲೆ ತಲಾವಿಗೆ ಬೆನ್ನು ಹಾಕಿ ಮಾತಾಡುತ್ತಿದ್ದೆವು. ದೋಣಿ ಕಲ್ಲಿಗೆ ಬಡಿದ ಸಪ್ಪಳಾಯಿತು. ಆಕೆ ರೂಢಿಯಂತೆ ಬಾಗಿದಳು. ಹುಟ್ಟು, ಕೋಲು, ಬಲೆ, ಚಾಕು, ಡಬ್ಬಿ, ಫೋನಿನ ಚೀಲ. ಕೆಲವು ನೀರಲ್ಲಿ ಜೋತು ಬಿದ್ದಿದ್ದವು, ಆದರೆ ಹಗ್ಗ ಬಿಟ್ಟಿರಲಿಲ್ಲ.

"ಎಲ್ಲಾ ಅದಾವ" ಎಂದಳು ಸಮಾಧಾನದಿಂದ. ಆಮೇಲೆ ತಲೆ ಎತ್ತಿದಳು. "ಇವರು ಎಲ್ಲಿ?"

ಅವನು ಇಳಿದು ಲುಂಗಿ ಹಿಂಡಲು ಜಾಲಿ ಮರೆಗೆ ಹೋಗಿರಬೇಕೆಂದು ನಾನು ಅಂದುಕೊಂಡಿದ್ದೆ. ಮರೆಯಲ್ಲಿ ಯಾರೂ ಇರಲಿಲ್ಲ. ಮುಕ್ತಾಬಾಯಿ ನೀರಿಗೆ ಇಳಿದಳು, ಮೊಣಕಾಲು, ಸೊಂಟ, ಎದೆ. ಈಜು ಆಕೆಗೆ ಸುತಾರಾಂ ಬರದು. ರಟ್ಟೆ ಹಿಡಿದು ಎಳೆದು ತಂದೆ. ಆಗ ಹರಿಬಾ ಕಂಡ. ದೂರದಲ್ಲಿ, ನೀರಲ್ಲಿ ಮುಳುಗಿದ್ದ ಜಾಲಿ ಮರದ ನೆತ್ತಿಯನ್ನು ತಬ್ಬಿಕೊಂಡು, ಗದ್ದದವರೆಗೆ ನೀರಲ್ಲಿ, ಸುಮ್ಮನೆ.

ಜನ್ಮದಲ್ಲಿ ಮೊದಲ ಸಲ ನಾನು ಆ ಕಾಯಕ ಹತ್ತಿದೆ. ಹೇಗೆ ಹೋದೆನೋ ಶಿವನೇ ಬಲ್ಲ. ಮುಳ್ಳು ಚುಚ್ಚಿ ಅವನ ಕೈಯೆಲ್ಲ ರಕ್ತವಾಗಿತ್ತು. ದೊಡ್ಡ ಕಟ್ಲಾ ಮೀನಿಗೆಂದು ಬಾಗಿ ಬಿದ್ದನಂತೆ, ಹಗುರಾದ ದೋಣಿಯನ್ನು ಗಾಳಿ ಒಯ್ದಿತಂತೆ.

"ಕೂಗಬೇಕಿಲ್ಲೇನೋ?" ಎಂದೆ, ಸಿಟ್ಟಿನಲ್ಲಿ.

"ಆಕಿ ಎಣಸ್ಲಿಕ್ಕತ್ತಿದ್ಳು" ಎಂದ, ಹಲ್ಲು ಕಟಕಟಿಸುತ್ತ. "ಏನರ ಬಿದ್ದದ ಅಂತ ಗೊತ್ತಾದ್ರ ಕಾಯಕ ಹೋಗ್ತಿತ್ತಲ್ಲೋ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವನನ್ನು ದೋಣಿಯ ಹಿಂಬದಿಗೆ ಜೋತುಹಾಕಿಕೊಂಡು ದಂಡೆಗೆ ತಂದೆ. ಅವನು ಮೊದಲು ಹೆಂಡತಿಯ ಮುಖ ನೋಡಿದ, ಆಮೇಲೆ ದೋಣಿಯ ಕಡೆ.

"ಆರೂ ಅದಾವ ನೋಡ. ಒಂದೂ ಬಿದ್ದಿಲ್ಲ."

ಮುಕ್ತಾಬಾಯಿ ಅವನ ಒದ್ದೆ ಅಂಗಿಯ ಎದೆಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಸಾಮಾನ ಬಿದ್ರ ನಿಮಗ ಬೈತೀನಿ" ಎಂದಳು. "ನೀವ ಬಿದ್ರ ಯಾರಿಗಿ ಬೈಲಿ?"